ರೇಡಿಯೊಗೆ ತೆರಿಗೆ ದುಡ್ಡು ಯಾಕೆ?

"ಈಗ ರೇಡಿಯೊ ಯಾರು ಕೇಳ್ತಾರೆ ಮಾರಾಯ್ರೆ? ಅದಕ್ಕೆ ನಮ್ಮ ತೆರಿಗೆ ದುಡ್ಡು ಯಾಕೆ ಸುರೀಬೇಕು?" ಭದ್ರಾವತಿ ಆಕಾಶವಾಣಿಯ ಮಾತು ಎತ್ತಿದಾಗಲೆಲ್ಲ ಯಾರಾದರೊಬ್ಬರು ಹೀಗೆ ಕೇಳಿಯೇ ಕೇಳುತ್ತಾರೆ.

ಅಂಥವರು ಅಡಿಕೆ ಸುಗ್ಗಿಯಲ್ಲಿ ಒಂದು ಸಂಜೆ ತೀರ್ಥಹಳ್ಳಿ ಕಡೆಗೆ ಬರಬೇಕು. ಅಡಿಕೆ ಸುಲಿಯಲು ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂತವರ ಕೈ ಅಡಿಕೆಯ ಕರೆಯಿಂದ ಕಪ್ಪಾಗಿರುತ್ತದೆ, ಕಣ್ಣು ಕತ್ತಿಯ ಮೇಲಿರುತ್ತದೆ. ಮೊಬೈಲ್ ಮುಟ್ಟುವ ಹಾಗಿಲ್ಲ, ನೋಡುವ ಹಾಗೂ ಇಲ್ಲ. ಕಂಬಕ್ಕೆ ತೂಗುಹಾಕಿದ ರೇಡಿಯೊದಲ್ಲಿ ಭಾವಗೀತೆ ಬರುತ್ತಿರುತ್ತದೆ. ವಾರ್ತೆ ಶುರುವಾದರೆ ಸುಲಿಯುವವರ ಮಾತು ನಿಲ್ಲುತ್ತದೆ. ಮಳೆಗಾಲದಲ್ಲಂತೂ ಮರ ಬಿದ್ದು ಲೈನು ಹೋದರೆ ಕರೆಂಟು ಯಾವಾಗ ಬಂದೀತೋ. ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ. ಆಗ ಸೆಲ್ ಹಾಕಿದ ರೇಡಿಯೊ ಒಂದೇ ಗತಿ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಯುವವರಿಗೆ ನಾಳೆ ಮಳೆ ಹೊಳವಾಗುತ್ತದೋ ಇಲ್ಲವೋ ಗೊತ್ತಾಗಲೇಬೇಕು. ಹೊಡೆದ ಔಷಧಿ ಒಣಗುವ ಮೊದಲೇ ಮಳೆ ಹೊಯ್ದರೆ ಮೈಲುತುತ್ತ, ಸುಣ್ಣ, ಕೂಲಿ ಎಲ್ಲವೂ ತೊಳೆದು ಹೋಯಿತು. ಖಾಸಗಿ ಎಫ್‌ಎಂ ವಾರ್ತೆ ಕೊಡಲಿ ಎನ್ನೋಣವೆಂದರೆ, ಅವುಗಳಿಗೆ ಸ್ವಂತ ಸುದ್ದಿ ಓದಲು ಅನುಮತಿಯೇ ಇಲ್ಲ. ಆಕಾಶವಾಣಿಯ ವಾರ್ತೆಯನ್ನೇ ಮರುಪ್ರಸಾರ ಮಾಡಬೇಕು.

ಇನ್ನು ದುಡ್ಡಿನ ಲೆಕ್ಕ. ಆಕಾಶವಾಣಿ, ದೂರದರ್ಶನ ಎರಡರ ಮೂಲಸೌಕರ್ಯಕ್ಕೆ 2025-26ರವರೆಗಿನ ಯೋಜನೆಗೆಂದು ಕೇಂದ್ರ 2023ರ ಜನವರಿಯಲ್ಲಿ ಒಪ್ಪಿದ್ದು 2,539 ಕೋಟಿ ರೂಪಾಯಿ. ಸಂಬಳದ ಅನುದಾನ ಬೇರೆ, ಅದೂ ದೊಡ್ಡದೇ. ಆದರೆ 2014ರಿಂದ 2022ರ ಕೊನೆಯ ಹೊತ್ತಿಗೆ ಪತ್ರಿಕೆ, ಟಿವಿ ಮುಂತಾದವುಗಳ ಜಾಹೀರಾತಿಗೆ ಸುಮಾರು 6,500 ಕೋಟಿ ಕೊಟ್ಟಿದ್ದಾಗಿ ಅದೇ ಸರ್ಕಾರ ಸಂಸತ್ತಿಗೆ ಹೇಳಿದೆ. ರಾಜ್ಯಗಳೂ ಹಿಂದೆ ಬಿದ್ದಿಲ್ಲ. ಸರ್ಕಾರಿ ಜಾಹೀರಾತಿನಲ್ಲಿ ರಾಷ್ಟ್ರಪತಿ, ಪ್ರಧಾನಿ, ಮುಖ್ಯ ನ್ಯಾಯಮೂರ್ತಿಯ ಫೋಟೊ ಮಾತ್ರ ಇರಲಿ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತ್ತು. ಕೇಂದ್ರವೂ ಕೆಲವು ರಾಜ್ಯಗಳೂ ಮತ್ತೆ ಕೋರ್ಟಿಗೆ ಹೋದವು. 2016ರಲ್ಲಿ ಮುಖ್ಯಮಂತ್ರಿ, ಮಂತ್ರಿಗಳ ಫೋಟೊಗೂ ಅನುಮತಿ ಸಿಕ್ಕಿತು. ಅವತ್ತು ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಒಂದೇ ಕಡೆ ನಿಂತಿದ್ದವು. ತಮ್ಮ ಮುಖ ಅಚ್ಚು ಹಾಕಿಸಲು ಖಜಾನೆ ತೆರೆಯುವವರ ಬಾಯಲ್ಲಿ ರೇಡಿಯೊ ದಂಡದ ಖರ್ಚು ಎಂಬ ಮಾತು ಬಂದರೆ ನನಗೆ ಸಿಟ್ಟು ಬರುತ್ತದೆ. ಚುನಾವಣೆಯಲ್ಲಿ ಮಾನ್ಯತೆ ಪಡೆದ ಪಕ್ಷಗಳಿಗೆ ಇದೇ ಆಕಾಶವಾಣಿ ಪ್ರಚಾರಕ್ಕೆ ಪುಕ್ಕಟೆ ಸಮಯವನ್ನೂ ಕೊಡುತ್ತದೆ.

"ಅದು ಸರ್ಕಾರದ ತುತ್ತೂರಿ ಅಲ್ವಾ" ಎನ್ನುವವರ ಸಿಟ್ಟನ್ನು ಒಪ್ಪುತ್ತೇನೆ. ವಿರೋಧ ಪಕ್ಷದಲ್ಲಿದ್ದಾಗ ಸ್ವಾಯತ್ತತೆ ಕೇಳುವವರು ಕುರ್ಚಿ ಸಿಕ್ಕ ಮೇಲೆ ಸುಮ್ಮನಾಗುತ್ತಾರೆ. ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿಯ ಕಾಯ್ದೆ ಪಾಸಾದದ್ದು 1990ರಲ್ಲಿ, ಜಾರಿಯಾದದ್ದು 1997ರಲ್ಲಿ. ನಡುವೆ ದೆಹಲಿಯಲ್ಲಿ ಎಷ್ಟೋ ಪ್ರಧಾನಿಗಳು ಬಂದು ಹೋದರು. ಇವತ್ತಿಗೂ ಅದರ ಅನುದಾನ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕೈಯಿಂದಲೇ ಬರಬೇಕು. ಸಂಬಳಕ್ಕೆ ಮಂತ್ರಿಯ ಮುಖ ನೋಡಬೇಕಾದವರು ಅದೇ ಮಂತ್ರಿಯ ತಪ್ಪನ್ನು ವಾರ್ತೆಯಲ್ಲಿ ಓದುವುದು ಹೇಗೆ?

ಹಾಗಂತ ದುಡ್ಡು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಐದು ವರ್ಷಕ್ಕೆ ಇಷ್ಟು ಎಂದು ಸಂಸತ್ತೇ ಮೊದಲು ಗೊತ್ತು ಮಾಡಿ, ಮಂತ್ರಿ ಕೈ ಹಾಕದ ಹಾಗೆ ನೇರವಾಗಿ ಕೊಡಲಿ. ಭದ್ರಾವತಿಯ ಖಾಲಿ ಹುದ್ದೆಗಳಿದ್ದರೆ ತುಂಬಲಿ. ಹಣ ಎಲ್ಲಿಂದ ಎಂದರೆ, ಫೋಟೊ ಜಾಹೀರಾತಿನಿಂದ ತೆಗೆಯಲಿ.