ಬೆಟ್ಜೆನ್‌ಬೆರ್ಗ್ ಗುಡ್ಡ ಹತ್ತಿದ ಮಧ್ಯಾಹ್ನ

ಮಾನ್‌ಹೈಮ್‌ನಲ್ಲಿ ಟ್ರೈನ್ ಬದಲಿಸುವಾಗಲೇ ಜಿಟಿಜಿಟಿ ಮಳೆ ಹಿಡಿದಿತ್ತು. ನೊಯ್‌ಸ್ಟಾಟ್ ದಾಟಿದ್ದೇ ತಡ, ಎರಡೂ ಕಡೆ ದಟ್ಟ ಕಾಡು, ಸುರಂಗದ ಮೇಲೆ ಸುರಂಗ. ಕೈಸರ್ಸ್‌ಲೌಟರ್ನ್‌ನಲ್ಲಿ ಇಳಿದು ತಲೆ ಎತ್ತಿದರೆ ಗುಡ್ಡದ ಮೇಲೆ ಸ್ಟೇಡಿಯಂ. ದೇವಸ್ಥಾನ ಇರೋ ಜಾಗದಲ್ಲಿ ಇವರು ಫುಟ್‌ಬಾಲ್ ಮೈದಾನ ಕಟ್ಟಿಕೊಂಡಿದ್ದಾರೆ ಅನ್ನಿಸಿತು.

ನಾನು ಬಂದಿದ್ದು ಜರ್ಮನಿಯ ಮೊದಲ ದರ್ಜೆ ಫುಟ್‌ಬಾಲ್ ಲೀಗ್ ಬುಂಡೆಸ್‌ಲೀಗಾದಲ್ಲಿ 1997-98ರ ಸೀಸನ್ ಗೆದ್ದ ತಂಡದ ಜಾಗ ನೋಡೋಕೆ. ಎರಡನೇ ದರ್ಜೆಯಿಂದ ಮೇಲೆ ಬಂದ ವರ್ಷವೇ ಚಾಂಪಿಯನ್ ಆದ ತಂಡ ಬುಂಡೆಸ್‌ಲೀಗಾದಲ್ಲಿ ಈ ಊರಿನ ಕೈಸರ್ಸ್‌ಲೌಟರ್ನ್ ಒಂದೇ. ಊರಿನ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಅದರ ಅರ್ಧದಷ್ಟು ಜನ ಈ ಸ್ಟೇಡಿಯಂನಲ್ಲೇ ಹಿಡಿಸುತ್ತಾರೆ!

ಏರು ಜೋರಾಗಿಯೇ ಇದೆ. ಮೇಲೆ ಹೋಗುವಷ್ಟರಲ್ಲಿ ನನ್ನ ಏದುಸಿರು ನನಗೇ ಕೇಳುತ್ತಿತ್ತು. ಅವತ್ತು ಪಂದ್ಯ ಇರಲಿಲ್ಲ, ಗೇಟಿಗೆ ಬೀಗ. ಸರಳುಗಳ ಸಂದಿಯಲ್ಲಿ ಅಂಗೈಯಗಲ ಹಸಿರು ಹುಲ್ಲು ಕಂಡಿತು. ಅಷ್ಟಕ್ಕೇ ಮೈ ಜುಮ್ಮೆಂದಿತು.

ಇಳಿದು ಬಂದು ಒಂದು ಸಣ್ಣ ಹೋಟೆಲ್‌ನಲ್ಲಿ ಕೂತೆ. ಇಲ್ಲಿ ವೈನ್‌ಗೆ ಸೋಡಾ ಬೆರೆಸಿ ಅರ್ಧ ಲೀಟರ್ ಗ್ಲಾಸಿನಲ್ಲಿ ಕೊಡುತ್ತಾರೆ, ಷೋರ್ಲೆ ಅಂತ. ಹಸಿ ಮಣ್ಣಿಗೆ ಹೆಬ್ಬೆರಳು ಒತ್ತಿದ ಹಾಗೆ ಗ್ಲಾಸಿನ ಮೈತುಂಬಾ ಗುಳಿಗಳು. ಕೈ ಜಾರಬಾರದು ಅಂತ.

ಪಕ್ಕದ ಮೇಜಿನ ಅಜ್ಜನಿಗೆ ಬಂದ ಕಾರಣ ಹೇಳಿದೆ. ಅವರು ಕಿಟಕಿಯ ಹೊರಗಿನ ಮಳೆ ತೋರಿಸಿ, "ಫ್ರಿಟ್ಜ್ ವಾಲ್ಟರ್ ಹವೆ" ಅಂದರು. 1954ರಲ್ಲಿ ವಿಶ್ವಕಪ್ ಗೆದ್ದ ಪಶ್ಚಿಮ ಜರ್ಮನಿಯ ನಾಯಕ ವಾಲ್ಟರ್ ಇದೇ ಊರಿನವರು, ಮಳೆಯಲ್ಲಿ ಅವರ ಆಟ ಇನ್ನೂ ಕಳೆ ಕಟ್ಟುತ್ತಿತ್ತಂತೆ. ಸ್ಟೇಡಿಯಂಗೂ ಅವರದೇ ಹೆಸರು.

ಆಮೇಲೆ ಅಜ್ಜ 1996ಕ್ಕೆ ಬಂದರು. ಲೆವರ್ಕುಸೆನ್‌ನಲ್ಲಿ 1-1 ಡ್ರಾ ಆಗಿ ತಂಡ ಕೆಳಗಿನ ದರ್ಜೆಗೆ ಬಿದ್ದ ದಿನ. 1990ರ ವಿಶ್ವಕಪ್ ಫೈನಲ್‌ನ ಗೋಲು ಹೊಡೆದ ಆಂಡ್ರಿಯಾಸ್ ಬ್ರೆಮೆ ಅವತ್ತು ಎದುರಾಳಿ ತಂಡದ ರೂಡಿ ಫೋಲರ್ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟರು. "ನಾವೂ ಅತ್ತೆವು" ಅಂದರು ಅಜ್ಜ.

ಬ್ರೆಮೆ ತಂಡ ಬಿಡಲಿಲ್ಲ. ಬಾಯರ್ನ್ ಮ್ಯೂನಿಕ್ ಕೆಲಸದಿಂದ ತೆಗೆದಿದ್ದ ಕೋಚ್ ಒಟ್ಟೊ ರೆಹಾಗೆಲ್ ಇಲ್ಲಿಗೆ ಬಂದರು. ತಂಡ ಒಂದೇ ವರ್ಷಕ್ಕೆ ವಾಪಸ್ ಮೇಲೇರಿತು. ಮೊದಲ ಪಂದ್ಯ ಎಲ್ಲಿ ಗೊತ್ತಾ? ಮ್ಯೂನಿಕ್‌ನಲ್ಲೇ. 1-0ಯಿಂದ ಗೆದ್ದರು.

1998ರ ಮೇ 2ರಂದು ಈ ಗುಡ್ಡದ ಮೇಲೆ ವೋಲ್ಫ್ಸ್‌ಬುರ್ಗ್ ವಿರುದ್ಧ 4-0 ಗೆಲುವು. ಅತ್ತ ಡುಯಿಸ್‌ಬುರ್ಗ್‌ನಲ್ಲಿ, ಪಟ್ಟಕ್ಕೆ ಪೈಪೋಟಿಯಲ್ಲಿದ್ದ ಬಾಯರ್ನ್‌ಗೆ ಗೋಲಿಲ್ಲದ ಡ್ರಾ. ಇನ್ನೂ ಒಂದು ಪಂದ್ಯ ಉಳಿದಿರುವಾಗಲೇ ಪಟ್ಟ ಇವರದಾಯಿತು. "ಕಣ್ಣು ಮೈದಾನದ ಮೇಲೆ, ಕಿವಿ ರೇಡಿಯೋ ಮೇಲೆ," ಎನ್ನುತ್ತಾ ಅಜ್ಜ ಅಂಗೈಯನ್ನು ಕಿವಿಗೆ ಒತ್ತಿ ಹಿಡಿದರು. ಆ ರೇಡಿಯೋ ಇನ್ನೂ ಅಲ್ಲೇ ಇದ್ದ ಹಾಗೆ.

ಟ್ರೈನ್ ಎಷ್ಟೊತ್ತಿಗೆ ಅಂತ ಕೇಳಿದರು. ಹೇಳಿದೆ. "ಮುಂದಿನದಕ್ಕೆ ಹೋಗಿ" ಎಂದು ಕುರ್ಚಿ ಹತ್ತಿರ ಎಳೆದುಕೊಂಡರು. ಆ ವರ್ಷ ಓಲಾಫ್ ಮಾರ್ಷಲ್ ಹೊಡೆದ 21 ಗೋಲುಗಳ ಮಾತು ಇನ್ನೂ ಶುರುವಾಗಿರಲಿಲ್ಲ.