ಹೊಳೆಯುವ ರೀಲು, ಬಿಳಿ ಕಟ್ಟಿದ ರೀಲು

ಸೋಮವಾರ ಬೆಳಗ್ಗೆ ರಿಟರ್ನ್ ಕೌಂಟರ್‌ನಲ್ಲಿ ಕೂತರೆ ಒಂದೇ ಮಾತು ಕೇಳಿ ಕೇಳಿ ಕಿವಿ ತೂತಾಗುತ್ತದೆ. "ಎಲ್ಲಾ ತೊಳೆದಿದ್ದೀವಿ ಮೇಡಂ." ರಾಡ್ ಬ್ಯಾಗ್ ಬಿಚ್ಚಿದರೆ ಅರ್ಧ ಬೊಗಸೆ ಮರಳು ಟೇಬಲ್ ಮೇಲೆ ಸುರಿಯುತ್ತದೆ. ಆಗಲೂ ಅದೇ ಮಾತು. ಮೈಸೂರಿನಲ್ಲಿ ಕೂತು ಸಮುದ್ರದ ಉಪ್ಪಿನ ಜೊತೆ ಗುದ್ದಾಡೋದು ನನ್ನ ಕೆಲಸ ಅಂದರೆ ನೆಂಟರು ನಗುತ್ತಾರೆ.

ರಿಂಗ್ ರೋಡ್ ಪಕ್ಕದ ಶೆಡ್ಡು ನಮ್ಮದು. ಕಯಾಕ್ ಅನ್ನೋ ಸಣ್ಣ ದೋಣಿ, ಮೀನು ಹಿಡಿಯುವ ರಾಡು, ಅದರ ದಾರ ಸುತ್ತುವ ರೀಲು, ಲೈಫ್ ಜಾಕೆಟ್ ಬಾಡಿಗೆಗೆ ಕೊಡುತ್ತೇವೆ. ಜನ ಶುಕ್ರವಾರ ರಾತ್ರಿ ರೂಫ್ ರ‍್ಯಾಕ್‌ಗೆ ಕಟ್ಟಿಕೊಂಡು ಮಡಿಕೇರಿ, ಸುಳ್ಯ, ಪುತ್ತೂರು ದಾಟಿ ಉಡುಪಿ ಕಡೆ ಹೋಗುತ್ತಾರೆ. ಸೀತಾ, ಸ್ವರ್ಣಾ ಹೊಳೆಗಳು ಸಮುದ್ರ ಸೇರುವ ಕೋಡಿ ಬೆಂಗ್ರೆ ಹತ್ತಿರ ಇಳಿಸುತ್ತಾರೆ. ಅಂಜಲ್ ಮೀನು ಸಿಕ್ಕರೆ ಫೋಟೋ, ಸಿಗದಿದ್ದರೆ ಹೋಟೆಲಿನಲ್ಲಿ ಅಂಜಲ್ ಫ್ರೈ. ಭಾನುವಾರ ಮಧ್ಯಾಹ್ನ ಎತ್ತಿ ಕಟ್ಟಿ ವಾಪಸ್. ತೊಂದರೆ ಶುರುವಾಗೋದು ಈ ವಾಪಸ್ ದಾರಿಯಲ್ಲೇ. ಘಾಟಿ ಹತ್ತಿ ಊರು ಮುಟ್ಟುವಷ್ಟರಲ್ಲಿ ಗಾಳಿಗೆ ನೀರು ಆರಿರುತ್ತದೆ, ಉಪ್ಪು ಉಳಿದಿರುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಹತ್ತಿರ ಹತ್ತಿರ 35 ಗ್ರಾಂ ಉಪ್ಪು. ಹಸಿ ಇದ್ದಾಗ ಒಂದೆರಡು ಚೊಂಬು ನೀರಿಗೆ ಬಿಟ್ಟುಹೋಗುವುದು, ಒಣಗಿದ ಮೇಲೆ ಸಂದಿಗೊಂದಿಯಲ್ಲಿ ಹರಳು ಕಟ್ಟಿ ಕೂರುತ್ತದೆ. ಆ ಹರಳು ಸುಮ್ನೆ ಇರೋದೂ ಇಲ್ಲ. ಗಾಳಿಯ ತೇವ ಶೇಕಡಾ 75 ದಾಟಿದರೆ ತಾನೇ ನೀರು ಎಳೆದುಕೊಂಡು ಮತ್ತೆ ಒದ್ದೆಯಾಗುತ್ತದೆ. ಮಾರ್ಚಿನಲ್ಲಿ ಚೆನ್ನಾಗಿ ತಿರುಗಿದ ರೀಲು ಜುಲೈ ಮಳೆಯಲ್ಲಿ ಕಪಾಟಿನೊಳಗೇ ಹಿಡಿದುಕೊಳ್ಳೋದು ಹೀಗೆ.

ಅವತ್ತು ಒಂದೇ ಬೆಳಗ್ಗೆ ಎರಡು ರಿಟರ್ನ್ ಬಂತು. ಸಂಜೆ ನಾಲ್ಕಕ್ಕೆ ಅದರಲ್ಲೊಂದು ಸೆಟ್ಟು ಇನ್ನೊಂದು ಗುಂಪಿಗೆ ಹೋಗಬೇಕು. ನಮ್ಮ ಓನರ್‌ಗೆ ಸೆಟ್ಟು ಒಂದು ದಿನ ಗೋಡೆಗೆ ಒರಗಿದ್ದರೂ ದುಡ್ಡು ಹೋಯಿತು ಅನ್ನಿಸುತ್ತದೆ.

ಮೊದಲು ಬಂದವರು ಬೆಂಗಳೂರಿನ ಕಂಪನಿಯೊಂದರ ಹುಡುಗರು. ಕಯಾಕ್ ಲಕಲಕ ಅನ್ನುತ್ತಿತ್ತು. ರೀಲಿನ ಮೈ ಮೇಲೆ ಒಂದು ಕಲೆ ಇಲ್ಲ. ಪ್ಯಾಡಲ್, ಅಂದರೆ ಹುಟ್ಟು, ಶುಭ್ರ. ಹ್ಯಾಂಡಲ್ ತಿರುಗಿಸಿದೆ, ತಿರುಗಿತು. ಟ್ಯಾಬ್‌ನಲ್ಲಿ "ವಾಶ್ಡ್" ಅಂತ ಒಂದೇ ಒಂದು ಬಾಕ್ಸ್ ಇದೆ, ಟಿಕ್ ಒತ್ತಿದೆ. ಡೆಪಾಸಿಟ್ ಪೂರ್ತಿ ವಾಪಸ್. "ನೋಡಿ, ಹೀಗೆ ತರಬೇಕು" ಅಂತ ಹೊಗಳಿದೆ ಬೇರೆ.

ಎರಡನೆಯವರು ಮಂಡ್ಯ ಕಡೆಯ ಒಬ್ಬರು. ವಯಸ್ಸು ಐವತ್ತರ ಮೇಲೆ, ಬಿಳಿ ಪಂಚೆ. ಮಗನ ಜೊತೆ ಹೋಗಿಬಂದಿದ್ದರು. ಅವರು ಇಟ್ಟ ರೀಲು ನೋಡಿದರೆ ರಾಡಿಗೆ ಕೂರುವ ಫೂಟ್ ಸುತ್ತ ಬಿಳಿ, ದಾರ ಹಾಯುವ ರಾಡ್ ಗೈಡ್‌ಗಳ ಬುಡದಲ್ಲಿ ಬಿಳಿ, ಕಯಾಕಿನ ನೀರು ಇಳಿಯುವ ಸ್ಕಪ್ಪರ್ ತೂತಿನ ಬಾಯಲ್ಲಿ ಬಿಳಿ ಉಂಗುರ.

"ತೊಳೆದಿಲ್ಲ ಸಾರ್ ಇದು. ಡೆಪಾಸಿಟ್‌ನಲ್ಲಿ ಸರ್ವಿಸ್ ಚಾರ್ಜ್ ಹಿಡಿಯುತ್ತೇನೆ."

"ಏನ್ ಮೇಡಂ ಹಿಂಗಂತೀರಿ. ನಾನೇ ನಿಂತ್ಕಂಡು ತೋಟದ ಪಂಪ್‌ಸೆಟ್ ತಾವ ತೊಳ್ಸಿವ್ನಿ."

"ಉಪ್ಪು ಕಣ್ಣಿಗೆ ಕಾಣ್ತಾ ಇದೆಯಲ್ಲಾ ಸಾರ್."

ಅವರು ದನಿ ಏರಿಸಲಿಲ್ಲ. ಮಗ ಏರಿಸಿದ. ನಾನೂ ಏರಿಸಿದೆ. ಹಿಂದೆ ಕ್ಯೂ ನಿಂತವರು ಫೋನ್ ಜೇಬಿಗಿಟ್ಟು ನಮ್ಮನ್ನೇ ನೋಡತೊಡಗಿದರು. ಕೊನೆಗೆ ಅವರೇ ಮಗನ ಭುಜ ಹಿಡಿದು, "ಹೋಗ್ಲಿ ಬುಡು, ಹಿಡ್ಕಳ್ಲಿ" ಅಂದು ರಸೀದಿ ತೆಗೆದುಕೊಂಡು ಹೊರಟುಬಿಟ್ಟರು. ಜಗಳ ಗೆದ್ದೆ ಅಂತ ನನಗೆ ಒಳಗೊಳಗೇ ಖುಷಿ.

ವಾಶಿಂಗ್ ಬೇಯಲ್ಲಿ ನಮ್ಮ ಹುಡುಗನೊಬ್ಬ ಇದ್ದಾನೆ, ಪಾಂಡವಪುರ ಕಡೆಯವನು. ಆ ಬಿಳಿ ರೀಲು ಕೈಗೆ ತಗೊಂಡ. ಬೆರಳು ಒದ್ದೆ ಮಾಡಿ ಫೂಟ್ ಮೇಲೆ ಉಜ್ಜಿದ. ಬಿಳಿ ಹಾಗೇ ಇತ್ತು. ಉಗುರಲ್ಲಿ ಕೆರೆದು ನಾಲಿಗೆಗೆ ಇಟ್ಟ.

"ಉಪ್ಪಲ್ಲ ಕಣಕ್ಕ. ಬೋರ್ ನೀರು."

"ಏನು?"

"ನಮ್ಮನೆ ಬಕೀಟು, ಗೀಸರ್ ಕಾಯಿಲು ಎಲ್ಲಾ ಹಿಂಗೇ ಆಗದು. ಉಪ್ಪಾಗಿದ್ರೆ ಒದ್ದೆ ಬೆರಳು ತಾಗ್ತಿದ್ದಂಗೇ ಕರಗೋಗದು."

ಟೀ ತರುವಾಗ ಯಾರೋ ಇಟ್ಟಿದ್ದ ನಿಂಬೆಹಣ್ಣು ಇತ್ತು. ಒಂದು ಹನಿ ಹಿಂಡಿದ. ಬಿಳಿ ಪದರದ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಸುಣ್ಣದ ಅಂಶಕ್ಕೆ ಹುಳಿ ತಾಗಿದರೆ ಗುಳ್ಳೆ ಬರುತ್ತದೆ, ಉಪ್ಪಿಗೆ ಬರುವುದಿಲ್ಲ. ಇದು ಹೈಸ್ಕೂಲ್ ಪಾಠ. ತಕ್ಷಣ ನೀರು ಹಾಕಿ ತೊಳೆದ, ಅಲ್ಯೂಮಿನಿಯಂ ಮೇಲೆ ಹುಳಿ ಬಿಡಬಾರದು ಅಂತ. ನಾನು ಡ್ರ್ಯಾಗ್, ಅಂದರೆ ಮೀನು ಜಗ್ಗಿದಾಗ ದಾರ ಹಿಡಿಯುವ ರೀಲಿನ ಬ್ರೇಕ್, ಬಿಚ್ಚಿ ನೋಡಿದೆ. ಒಳಗೆ ಗ್ರೀಸ್ ಹೊಸದರ ಹಾಗೇ ಇತ್ತು. ತೊಳೆಯುವಾಗ ಡ್ರ್ಯಾಗ್ ಬಿಗಿ ಮಾಡಿದ್ದಾರೆ, ಒಳಗೆ ನೀರು ಹೋಗಿಲ್ಲ. ಆಮೇಲೆ ಸಡಿಲ ಮಾಡಿ ಒಣಗಿಸಿದ್ದಾರೆ. ಹೆಣೆದ ದಾರ, ಬ್ರೇಡ್ ಲೈನ್ ಕೂಡ ನೆನೆಹಾಕಿ ತೊಳೆದಿದ್ದಾರೆ. ನಮ್ಮ ಶೆಡ್ಡಿನಲ್ಲಿ ನಾವೇ ಇಷ್ಟು ಚೆನ್ನಾಗಿ ಮಾಡೋದಿಲ್ಲ.

ಆಗಲೇ ಫೋನ್ ಮಾಡಬೇಕಿತ್ತು. ಮಧ್ಯಾಹ್ನ ಮಾಡೋಣ ಅಂದುಕೊಂಡೆ. ಮಧ್ಯಾಹ್ನ ಬೇರೆಯೇ ಕಥೆ ಶುರುವಾಯಿತು.

ಮೂರೂವರೆಗೆ ನಾಲ್ಕರ ಗುಂಪಿನವರು ಬಂದರು, ಅರ್ಧ ಗಂಟೆ ಮುಂಚೆ. ಗೇಟಿನ ಮುಂದೆ ಕಾರು ಅಡ್ಡ ನಿಲ್ಲಿಸಿ ಇಂಡಿಕೇಟರ್ ಹಾಕಿಕೊಂಡು ಕೂತರು. ಅವರಿಗೆ ಕೊಡಬೇಕಿದ್ದದ್ದು ಆ ಲಕಲಕ ಸೆಟ್ಟು. ಪ್ಯಾಡಲ್ ಎರಡು ಭಾಗ ಮಾಡಿ ಕಾರೊಳಗೆ ಹಾಕೋಣ ಅಂತ ಬಟನ್ ಒತ್ತಿದೆ. ಒಳಗೆ ಹೋಗಲಿಲ್ಲ. ಮತ್ತೆ ಒತ್ತಿದೆ. ಹುಡುಗ ಒಂದು ತುದಿ ಹಿಡಿದ, ನಾನು ಇನ್ನೊಂದು. ಎಳೆದೆವು. ತಿರುಚಿದೆವು. ಹಗ್ಗ ಜಗ್ಗಾಟ ನೋಡಿ ಕಾರಿನಿಂದ ಒಬ್ಬರು ಇಳಿದು ಬಂದು ಅವರೂ ಎಳೆದರು. ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಜೋಡಿಸಿಕೊಂಡೇ ತೊಳೆದಿದ್ದಾರೆ ಪುಣ್ಯಾತ್ಮರು. ಕೊಳವೆ ಒಳಗೆ ಕೊಳವೆ ಕೂರುವ ಆ ಜಾಗದಲ್ಲಿ ಮರಳು ಸಿಕ್ಕಿಕೊಂಡು, ಸುತ್ತ ಉಪ್ಪು ಗಟ್ಟಿಯಾಗಿ ಬೆಸುಗೆ ಹಾಕಿಬಿಟ್ಟಿದೆ.

ಓನರ್ ಒಳಗಿಂದ ಸ್ಪ್ರೇ ಡಬ್ಬ ಹಿಡಿದು ಬಂದರು. "ಇದು ಹೊಡಿ, ಬಿಟ್ಕೊಳುತ್ತೆ." ನಾನು ಕೈ ಅಡ್ಡ ಹಿಡಿದೆ. ಎಣ್ಣೆ ಬಿದ್ದರೆ ಮರಳು ಅದಕ್ಕೆ ಅಂಟಿ ಉಜ್ಜುವ ಪೇಸ್ಟ್ ಆಗುತ್ತದೆ, ಮುಂದಿನ ಸಲ ಇನ್ನೂ ಬಿಗಿ. ಬೀಚ್ ಮರಳಿನ ಬಹುಪಾಲು ಕ್ವಾರ್ಟ್ಸ್, ಅಲ್ಯೂಮಿನಿಯಂಗಿಂತ ಎಷ್ಟೋ ಗಟ್ಟಿ. ಓನರ್ ಮುಖ ಗಂಟಿಕ್ಕಿಕೊಂಡು ಒಳಗೆ ಹೋದರು. ಡ್ರಮ್ಮಿನಲ್ಲಿ ಸಿಹಿ ನೀರು ತುಂಬಿ ಪ್ಯಾಡಲನ್ನು ನಡುಮಟ್ಟ ಮುಳುಗಿಸಿ ಇಟ್ಟೆವು. ಉಪ್ಪು ಕರಗುವವರೆಗೆ ಕಾಯೋದು ಬಿಟ್ಟು ಬೇರೆ ದಾರಿ ಇಲ್ಲ. ಕಾರಿನ ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಲೇ ಇತ್ತು.

ಕಾಯುವಾಗ ಕೈ ಸುಮ್ಮನಿರಲಾರದೆ ಅದೇ ಸೆಟ್ಟಿನ ರೀಲು ಎತ್ತಿಕೊಂಡೆ. ಈ ಸಲ ಹ್ಯಾಂಡಲ್ ಅಲ್ಲ, ದಾರ ಹರಿಯುವ ಸಣ್ಣ ಉರುಳೆ, ಲೈನ್ ರೋಲರ್, ಬೆರಳಲ್ಲಿ ತಳ್ಳಿದೆ. ತಿರುಗಲಿಲ್ಲ. ಬೆಳಗ್ಗೆ ಇದನ್ನು ಮುಟ್ಟೇ ಇರಲಿಲ್ಲ. ಮೈ ಮೇಲೆ ಬೆರಳು ಆಡಿಸಿದರೆ ಜಾರುತ್ತಿದೆ. ಸಿಲಿಕೋನ್ ಸ್ಪ್ರೇ! ತೊಳೆದಿಲ್ಲ, ಒರೆಸಿ ಪಾಲಿಶ್ ಹೊಡೆದಿದ್ದಾರೆ. ಸೈಡ್ ಪ್ಲೇಟ್ ಬಿಚ್ಚಿದೆ. ಗ್ರೀಸು ಕೆಟ್ಟ ಬೆಣ್ಣೆಯ ಹಾಗೆ ಬಿಳಿಚಿಕೊಂಡಿತ್ತು, ಬೇರಿಂಗ್ ಸುತ್ತ ಕಂದು ಗೆರೆ. ಲೂರ್ (ಗಾಳದ ನಕಲಿ ಮೀನು) ಬಾಕ್ಸ್ ತೆರೆದರೆ ಇನ್ನೂ ಚಂದ. ಒಂದೇ ಒಂದು ಲೂರನ್ನು ಒದ್ದೆ ಇರುವಾಗಲೇ ಒಳಗೆ ಹಾಕಿದ್ದಾರೆ, ಪಕ್ಕದ ಮೂರು ಕೊಕ್ಕೆಯ ಟ್ರೆಬಲ್ ಹುಕ್ಕುಗಳಿಗೆಲ್ಲ ತುಕ್ಕು ಹತ್ತಿದೆ.

ಅವರ ಡೆಪಾಸಿಟ್ ಪೂರ್ತಿ ನಾನೇ ವಾಪಸ್ ಮಾಡಿದ್ದೆ. ಹೊಗಳಿ ಬೇರೆ.

ನಾಲ್ಕೂಕಾಲಿಗೆ ಪ್ಯಾಡಲ್ ಬಿಟ್ಟುಕೊಂಡಿತು. ಕಾರಿನವರಿಗೆ ಕೊನೆಗೆ ಕೊಟ್ಟದ್ದು ಮಂಡ್ಯದವರ ಬಿಳಿ ಕಟ್ಟಿದ ಸೆಟ್ಟು. "ಏನ್ರೀ ಇಷ್ಟು ಗಲೀಜು" ಅಂದರು. ಒಳ್ಳೆ ಸೆಟ್ಟು ಸಾರ್, ನಂಬಿ ಅಂದೆ. ನಂಬಲಿಲ್ಲ, ಆದರೆ ಲೇಟಾಗಿತ್ತು, ಹೋದರು.

ಮಂಡ್ಯದವರಿಗೆ ಸಂಜೆ ಫೋನ್ ಮಾಡಿದೆ. ದುಡ್ಡು ವಾಪಸ್ ಹಾಕುತ್ತೇನೆ, ತಪ್ಪು ತಿಳ್ಕೊಂಡೆ ಸಾರ್ ಅಂದೆ. "ಇರ್ಲಿ ಬುಡಿ ಮೇಡಂ. ಆ ನೀರು ನಮ್ಮ ಮೋಟ್ರುನೇ ಬುಟ್ಟಿಲ್ಲ, ನಿಮ್ಮ ರೀಲ್ ಬುಟ್ಟದಾ" ಅಂದರು. ಮಗ ಮಾತ್ರ ಗೂಗಲ್‌ನಲ್ಲಿ ಒಂದು ಸ್ಟಾರ್ ಕೊಟ್ಟಿದ್ದ. ಅದು ಇನ್ನೂ ಇದೆ.

ಇದಾದ ಮೇಲೆ ಬಿಳಿ ಕಂಡರೆ ಉಪ್ಪು, ಹೊಳೆದರೆ ಕ್ಲೀನ್ ಅನ್ನೋ ಲೆಕ್ಕ ಬಿಟ್ಟೆ. ಆರ್‌ಓ ಫಿಲ್ಟರ್ ಸರ್ವಿಸ್‌ನವರು ಇಟ್ಟುಕೊಳ್ಳುವ, ನೀರಿನಲ್ಲಿ ಏನೆಷ್ಟು ಕರಗಿದೆ ಅಂತ ಅಳೆಯುವ ಟಿಡಿಎಸ್ ಪೆನ್ ಒಂದು ತರಿಸಿದೆ. ಮೊದಲು ನಲ್ಲಿ ನೀರಿಗೆ ಅದ್ದಿ ರೀಡಿಂಗ್ ನೋಡುತ್ತೇನೆ. ಅದೇ ನೀರನ್ನು ರೀಲಿನ ಮೇಲೆ, ಸ್ಕಪ್ಪರ್ ಒಳಗೆ, ದಿಕ್ಕು ತಿರುಗಿಸುವ ರಡ್ಡರ್‌ನ ಕೇಬಲ್ ಬುಡಕ್ಕೆ ನಿಧಾನ ಸುರಿದು, ಕೆಳಗೆ ಮಗ್ ಹಿಡಿದು, ಇಳಿದ ನೀರಿಗೆ ಅದ್ದುತ್ತೇನೆ. ಎರಡೂ ಒಂದೇ ಬಂದರೆ ತೊಳೆದಾಗಿದೆ. ಇಳಿದ ನೀರಿನದು ಮೇಲೆ ಹಾರಿದರೆ ಇನ್ನೊಂದು ಸುತ್ತು. ಪೆನ್ನಿಗೆ ಉಪ್ಪು ಯಾವುದು ಸುಣ್ಣ ಯಾವುದು ಗೊತ್ತಾಗಲ್ಲ, ಕರಗಿದ್ದನ್ನೆಲ್ಲ ಸೇರಿಸಿ ಲೆಕ್ಕ ಹಾಕುತ್ತೆ. ಹಾಗಾಗಿ ಕಾವೇರಿ ನೀರಲ್ಲಿ ಶುರು ಮಾಡಿ ಬೋರ್ ನೀರಲ್ಲಿ ಮುಗಿಸಿದರೆ ಕೆಟ್ಟಿತು. ನಮ್ಮಲ್ಲಿ ಕಾವೇರಿ ನೀರು ಬರೋ ಹೊತ್ತಿಗೆ ಡ್ರಮ್ಮು ತುಂಬಿಟ್ಟುಕೊಳ್ಳೋದು ಈಗ ಹುಡುಗನ ಕೆಲಸ.

ಕೌಂಟರ್‌ನಲ್ಲಿ ಈಗ ಹ್ಯಾಂಡಲ್ ತಿರುಗಿಸೋದಿಲ್ಲ. ಲೈನ್ ರೋಲರ್ ತಳ್ಳುತ್ತೇನೆ, ಪ್ಯಾಡಲ್ ಬಿಚ್ಚಿಸುತ್ತೇನೆ, ಕಯಾಕಿನಲ್ಲಿ ಸಾಮಾನು ಇಡುವ ಹ್ಯಾಚ್ ಒಳಗೆ ಕೈ ಹಾಕಿ ಮೂಲೆ ತಡವುತ್ತೇನೆ. ಮೀನು ಪತ್ತೆ ಹಚ್ಚುವ ಫಿಶ್ ಫೈಂಡರ್ ಕನೆಕ್ಟರ್ ಉಪ್ಪಿಗೆ ಹಸಿರಾಗಿದ್ದರೆ ಅಲ್ಲೇ ಫೋಟೋ. ಗಿರಾಕಿ ಎದುರಿಗೇ ಆಗಬೇಕು ಇದೆಲ್ಲ, ಅವರು ಹೋದ ಮೇಲಲ್ಲ.

ಓನರ್ ಕಥೆ ಬೇರೆ. ಪೆನ್ನಿನ ದುಡ್ಡಿಗೆ ಮೂರು ಸಲ ಬಿಲ್ ಕೇಳಿದವರು, ಅದೇ ವಾರ ದೊಡ್ಡ ಪ್ರೆಶರ್ ವಾಶರ್ ತಂದು ನಿಲ್ಲಿಸಿದರು. "ಬೇಗ ಆಗುತ್ತೆ." ಬೇಗ ಆಗುತ್ತೆ ನಿಜ. ಜೆಟ್ ಹೊಡೆತಕ್ಕೆ ಮೇಲಿನ ಉಪ್ಪು ಮರಳು ಸೀದಾ ಬೇರಿಂಗ್ ಒಳಗೆ ಹೋಗುತ್ತೆ, ಅಲ್ಲಿದ್ದ ಗ್ರೀಸು ಹೊರಗೆ ಬರುತ್ತೆ. ಕಯಾಕಿನ ಹೊರಮೈಗೆ ಆಗಬಹುದು, ರೀಲಿನ ಹತ್ತಿರ ತರಬೇಡಿ ಅಂತ ಟೇಪ್ ಅಂಟಿಸಿ ಬರೆದಿದ್ದೇನೆ. ಲೈಫ್ ಜಾಕೆಟ್ ಬಿಸಿಲಲ್ಲಿ ಹಾಕಬೇಡಿ, ಬಟ್ಟೆ, ಪಟ್ಟಿ ಎಲ್ಲಾ ಲಡ್ಡಾಗುತ್ತೆ ಅಂತಲೂ ಹೇಳಿದ್ದೇನೆ. ಟೆರೇಸ್ ಮೇಲೆ ಬೇಗ ಒಣಗುತ್ತಲ್ಲ ಅನ್ನುತ್ತಾರೆ. ಇನ್ನೊಂದು ನಲ್ಲಿ ಹಾಕಿಸಿ ಅಂತ ಕೇಳಿದ್ದು ದೀಪಾವಳಿ ಆದ ಮೇಲೆ ನೋಡೋಣ ಅಂತ ನಿಂತಿದೆ. ಯಾವ ದೀಪಾವಳಿ ಅಂತ ಹೇಳಿಲ್ಲ.

ಟ್ಯಾಬ್‌ನಲ್ಲಿ ಆ ಬಾಕ್ಸ್ ಬದಲಾಯಿಸಿ, ರೀಡಿಂಗ್ ಬರೆಯೋಕೆ ಜಾಗ ಕೊಡಿ ಅಂತ ಬೇಡಿಕೊಂಡದ್ದಕ್ಕೆ ಓನರ್ ಗೇಟಿಗೆ ಬೋರ್ಡ್ ಹಾಕಿಸಿದರು: "ಸಾಮಾನು ತೊಳೆದು ತಂದುಕೊಡಿ, ಇಲ್ಲದಿದ್ದರೆ ದಂಡ." ಅದರ ಪರಿಣಾಮ ಆಗಿದೆ. ಈಗ ಗಿರಾಕಿಗಳು ಬರುವ ದಾರಿಯಲ್ಲೇ ಕಾರ್ ವಾಶ್‌ಗೆ ನುಗ್ಗಿ, ರಾಡು ರೀಲು ಎಲ್ಲಾ ಸಾಲಾಗಿ ನಿಲ್ಲಿಸಿ ಜೆಟ್ ಹೊಡೆಸಿ, ನಂಬಿಕೆಗೆ ಇರಲಿ ಅಂತ ಅಲ್ಲಿನ ಬಿಲ್ಲನ್ನೂ ತಂದು ನನ್ನ ಟೇಬಲ್ ಮೇಲೆ ಇಡುತ್ತಿದ್ದಾರೆ.