ಉಸಿರು ಕಟ್ಟಿಸುವ ಚೀಲ

ಅಲಸಂದೆ ಬೆಳೆದವನೇ ಮುಂದೆ ದುಬಾರಿ ಬೆಲೆ ಕೊಟ್ಟು ಅಲಸಂದೆ ಕೊಳ್ಳುವ ಪಾಡು ನೈಜರ್, ನೈಜೀರಿಯಾಗಳ ಸಣ್ಣ ರೈತರದು. ಕೊಯ್ಲಾದ ಕೂಡಲೇ ಸಿಕ್ಕಿದ ಬೆಲೆಗೆ ಮಾರದೆ ಇಟ್ಟುಕೊಂಡರೆ, ಕೆಲವೇ ತಿಂಗಳಲ್ಲಿ ಹುಳು ಕಾಳನ್ನೆಲ್ಲ ತೂತು ಮಾಡಿ ಹಿಟ್ಟು ಉದುರಿಸುತ್ತದೆ. ಇದಕ್ಕೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿಜ್ಞಾನಿಗಳು 1980ರ ದಶಕದ ಕೊನೆಯಲ್ಲಿ ಕ್ಯಾಮರೂನ್‌ನಲ್ಲಿ ಕೆಲಸ ಮಾಡುತ್ತಾ ಹುಡುಕಿದ ಉಪಾಯ ಇಂದು ಮೂರು ಪದರದ ಚೀಲವಾಗಿ ಸಿಗುತ್ತದೆ: ಒಳಗೆ ಎರಡು ದಪ್ಪ ಪಾಲಿಥಿನ್, ಹೊರಗೆ ನೇಯ್ದ ಪ್ಲಾಸ್ಟಿಕ್. ಬಾಯಿ ತಿರುಚಿ ಬಿಗಿಯಾಗಿ ಕಟ್ಟಿದರೆ ಒಳಗಿನ ಆಮ್ಲಜನಕವನ್ನು ಹುಳುಗಳೇ ಉಸಿರಾಡಿ ಮುಗಿಸುತ್ತವೆ, ತಿನ್ನುವುದನ್ನು ನಿಲ್ಲಿಸಿ ಒಣಗಿ ಸಾಯುತ್ತವೆ. ಔಷಧಿಯ ಗೊಡವೆಯೇ ಇಲ್ಲ. (ಉತ್ತರ ಕರ್ನಾಟಕದ ಹಗೇವು, ಅಂದರೆ ನೆಲದಡಿಯ ಕಣಜ, ಕಾಳು ಕಾಯುತ್ತಿದ್ದುದೂ ಗಾಳಿಯಾಡದ ಇದೇ ಗುಟ್ಟಿನಿಂದ.)

ಕಾಳು ಹಸಿಯಾಗಿದ್ದರೆ ಮಾತ್ರ ಬೂಷ್ಟು ಖಂಡಿತ. ಮೆಕ್ಕೆಜೋಳದ ತೇವ ನೋಡಲು ಆಫ್ರಿಕಾದ ರೈತರಿಗೆ ಕಲಿಸುವ ಒಂದು ವಿಧಾನವಿದೆ: ಒಣ ಬಾಟಲಿಗೆ ಕಾಳು, ಒಣ ಉಪ್ಪು ಹಾಕಿ ಅಲುಗಾಡಿಸುವುದು. ಉಪ್ಪು ಗಾಜಿಗೆ ಮೆತ್ತಿಕೊಂಡರೆ ಕಾಳು ಮತ್ತೆ ಬಿಸಿಲಿಗೆ. ದೊಡ್ಡ ಗೋದಾಮು, ದೊಡ್ಡ ಯಂತ್ರ ಎಂದು ಭಾಷಣ ಬಿಗಿಯುವವರಿಗಿಂತ ಈ ಉಪ್ಪಿನ ಬಾಟಲಿಯ ಮೇಲೆ ನನಗೆ ಹೆಚ್ಚು ನಂಬಿಕೆ. ಇಲಿ ಚೀಲ ಕಡಿದರೆ ಮಾತ್ರ ಎಲ್ಲವೂ ವ್ಯರ್ಥ. ಅದಕ್ಕೆ ಬೆಕ್ಕೇ ಗತಿ.